ಜೈಲಿನ ಬೀಗ, ಬೋನಸ್ಸಿನ ಲೆಕ್ಕ

(ಬಂಟವಾಳದಲ್ಲಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮೊನ್ನೆ ಬಿ.ಸಿ. ರೋಡಿನಲ್ಲಿ ಅಂಗಡಿಯ ಹಿರಿಯರೊಬ್ಬರು ನನ್ನನ್ನು ಕರೆದು ಕೂರಿಸಿ ಹೇಳಿದರು: "ಮಾಸ್ಟ್ರೇ, ನಾಗರಿಕ ಸ್ವಾತಂತ್ರ್ಯವೆಂಬುದು ವಕೀಲರ, ಪತ್ರಿಕೆಯವರ ಸರಕು. ನಮಗೇನು ಅದರಿಂದ? ತುರ್ತು ಪರಿಸ್ಥಿತಿಯಲ್ಲಿ ರೈಲಾದರೂ ಹೊತ್ತಿಗೆ ಸರಿಯಾಗಿ ಬರುತ್ತಿತ್ತು." ಅವರು ಕೊಟ್ಟ ಚಹಾ ಕುಡಿದು ಸುಮ್ಮನೆ ಬಂದೆ. ಉತ್ತರವನ್ನು ಇಲ್ಲಿ ಕೊಡುತ್ತೇನೆ, ಅವರೂ ಸಭೆಯಲ್ಲಿದ್ದಾರೆ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಯಾಯಿತು. ಮೂರು ತಿಂಗಳು ತುಂಬುವಷ್ಟರಲ್ಲಿ, ಸೆಪ್ಟೆಂಬರಿನಲ್ಲಿ, ಒಂದು ಸುಗ್ರೀವಾಜ್ಞೆ ಹೊರಟಿತು. ಕನಿಷ್ಠ ಬೋನಸ್ ಶೇಕಡಾ 8.33 ಇದ್ದದ್ದು 4ಕ್ಕೆ ಇಳಿಯಿತು. 8.33 ಎಂದರೆ ವರ್ಷಕ್ಕೆ ಒಂದು ತಿಂಗಳ ಮಜೂರಿ. 4 ಎಂದರೆ ಹದಿನೈದು ದಿನದ್ದೂ ಪೂರ್ತಿ ಆಗುವುದಿಲ್ಲ. ಯಾಕೆ ಯಾರೂ ಕೂಗಲಿಲ್ಲ? ಕೂಗುವವರು ಒಳಗಿದ್ದರು. ಮೀಸಾ ಕಾಯಿದೆಯಲ್ಲಿಯೂ ಭಾರತ ರಕ್ಷಣಾ ನಿಯಮಗಳಲ್ಲಿಯೂ ಒಂದು ಲಕ್ಷಕ್ಕೆ ಮೇಲ್ಪಟ್ಟು ಜನರನ್ನು ಹಿಡಿದಿಟ್ಟಿದ್ದರು. ಪತ್ರಿಕೆಗೆ ಸೆನ್ಸಾರು, ಸಭೆಗೆ ನಿಷೇಧ. ಧಣಿಗಳಿಗೆ ಇದಕ್ಕಿಂತ ಒಳ್ಳೆಯ ಕಾಲ ಯಾವುದು? ಇನ್ನು ಅಂಗಡಿಯ ಹಿರಿಯರಿಗೆ ನನ್ನ ಪ್ರಶ್ನೆ: ದೀಪಾವಳಿಗೆ ಕಾರ್ಮಿಕನ ಕೈಗೆ ಬಾರದೆ ಹೋದ ಆ ಅರ್ಧ ತಿಂಗಳ ದುಡ್ಡು ಎಲ್ಲಿ ತೀರಬೇಕಾಗಿತ್ತು? ನಿಮ್ಮ ಉದ್ರಿ ಪುಸ್ತಕದಲ್ಲಿ ಅಲ್ಲವೆ?

ಈಗ ನಮ್ಮ ಜಿಲ್ಲೆಯ ಒಂದು ಮನೆಯ ಮಾತು. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸರು 1974ರ ಮೇ 8ರಂದು ದೇಶದ ರೈಲ್ವೆ ಮುಷ್ಕರಕ್ಕೆ ಮುಂದಾಳು. ತುರ್ತು ಪರಿಸ್ಥಿತಿಯಲ್ಲಿ ಅವರು ಭೂಗತರಾದರು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಹಿಡಿದಿಟ್ಟವನು ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲ. ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮೂರೇ ದಿನ ಕಳೆಯಿತು. ಮೇ ಒಂದು, ಕಾರ್ಮಿಕರ ದಿನ, ಬೆಂಗಳೂರಿನಲ್ಲಿ ಪೊಲೀಸರು ಜಾರ್ಜರ ತಮ್ಮ ಲಾರೆನ್ಸರನ್ನು ಎತ್ತಿಕೊಂಡು ಹೋದರು. ಅಣ್ಣ ಎಲ್ಲಿದ್ದಾನೆ ಹೇಳು ಎಂದು ಹೊಡೆದ ಹೊಡೆತಕ್ಕೆ ಆ ಮನುಷ್ಯ ನಡೆಯಲಾರದವನಾದ. ತಾಯಿ ಆಲಿಸ್ ರಾಷ್ಟ್ರಪತಿಗೆ ಪತ್ರ ಬರೆದರು. ಮಗ ಮಾಡಿದ ಅಪರಾಧವೇನು? ಅಣ್ಣನ ತಮ್ಮನಾಗಿದ್ದದ್ದು.

ಅದೇ ಮೇ ತಿಂಗಳಲ್ಲಿ ಸ್ನೇಹಲತಾ ರೆಡ್ಡಿ ಅವರನ್ನು ಹಿಡಿದರು. 'ಸಂಸ್ಕಾರ' ಚಿತ್ರದ ಚಂದ್ರಿ ಎಂದರೆ ನಿಮಗೆ ಗೊತ್ತಾದೀತು. ಉಬ್ಬಸದ ರೋಗಿ, ಬೆಂಗಳೂರು ಜೈಲಿನಲ್ಲಿ ತಿಂಗಳುಗಟ್ಟಲೆ. ಪೆರೋಲಿನ ಮೇಲೆ ಹೊರಬಂದು 1977ರ ಜನವರಿ 20ರಂದು ತೀರಿಕೊಂಡರು. ಆಕೆಯ ಮೇಲೆ ನ್ಯಾಯಾಲಯದಲ್ಲಿ ಯಾವ ಅಪರಾಧವೂ ರುಜುವಾಗಲಿಲ್ಲ.

ಇದು ಬಡದೇಶದ ರೋಗ ಎನ್ನುವವರು ಅಮೇರಿಕದ ಯೂಜೀನ್ ಡೆಬ್ಸರ ಕತೆ ಕೇಳಬೇಕು. ಅವರೂ ರೈಲ್ವೆ ಕಾರ್ಮಿಕರ ಮುಂದಾಳು. 1894ರಲ್ಲಿ ರೈಲುಗಾಡಿ ಕಟ್ಟುವ ಪುಲ್‌ಮನ್ ಕಂಪೆನಿ ಮಜೂರಿ ಕಡಿದಿತ್ತು; ತನ್ನ ಕಾರ್ಮಿಕರಿಗೆ ಕೊಟ್ಟ ಮನೆಗಳ ಬಾಡಿಗೆ ಮಾತ್ರ ಒಂದು ಕಾಸೂ ಇಳಿಸಲಿಲ್ಲ. ಮುಷ್ಕರವಾಯಿತು. ಸರಕಾರ ಸೈನ್ಯ ಕಳಿಸಿದ್ದು ಯಾರ ಪರವಾಗಿ ಎಂದು ಹೇಳಬೇಕಾಗಿಲ್ಲ. ಡೆಬ್ಸರಿಗೆ ಆರು ತಿಂಗಳ ಸಜೆ. 1918ರಲ್ಲಿ ಯುದ್ಧದ ವಿರುದ್ಧ ಒಂದು ಭಾಷಣ ಮಾಡಿದ್ದಕ್ಕೆ ಹತ್ತು ವರ್ಷ! 1920ರಲ್ಲಿ ಜೈಲಿನೊಳಗಿಂದಲೇ ಅಧ್ಯಕ್ಷ ಪದವಿಗೆ ನಿಂತು ಒಂಬತ್ತು ಲಕ್ಷಕ್ಕೂ ಹೆಚ್ಚು ಮತ ಪಡೆದರು, ಸೋತರು. ನಮ್ಮ ಜಾರ್ಜರು 1977ರಲ್ಲಿ ಜೈಲಿನಿಂದಲೇ ಮುಜಫ್ಫರ್‌ಪುರದಲ್ಲಿ ಗೆದ್ದರು. ಈ ವಿಷಯದಲ್ಲಿ ಬಿಹಾರದ ಬಡ ರೈತನಿಗೆ ನನ್ನ ನಮಸ್ಕಾರ. (ಜಾರ್ಜರು ಮುಂದೆ ಹಿಡಿದ ದಾರಿ ನನಗೆ ಒಪ್ಪಿಗೆಯಿಲ್ಲ. 2002ರಲ್ಲಿ ಪೋಟಾ ಕಾಯಿದೆ ತಂದ ಸರಕಾರದಲ್ಲಿ ಅವರು ಮಂತ್ರಿ. ಅದನ್ನೂ ಹೇಳದೆ ಬಿಟ್ಟರೆ ನಾನು ನಿಮಗೆ ಮೋಸ ಮಾಡಿದಂತೆ.)

ಆ ವರ್ಷವೇ 8.33 ಮರಳಿ ಬಂತು. ಜೈಲಿನ ಬೀಗ ತೆರೆದ ಮೇಲೆ ಬಂತು, ಮೊದಲಲ್ಲ.

ಹಳೆಯ ಕತೆ ಎನ್ನಬೇಡಿ. ಮೀಸಾ ಹೋಯಿತು, ಪೋಟಾ ಹೋಯಿತು. 1967ರ ಯುಎಪಿಎ ಇದೆ. ಅದಕ್ಕೆ 2008ರಲ್ಲಿ ಒಂದು ಕಲಮು ಸೇರಿಸಿದರು. ಪೊಲೀಸರ ಕಾಗದ ಮೇಲ್ನೋಟಕ್ಕೆ ನಿಜವೆಂದು ಕಂಡರೆ ಸಾಕು, ಜಾಮೀನು ಇಲ್ಲ. ವಿಚಾರಣೆ ಮುಗಿಯುವತನಕ ವರ್ಷಗಟ್ಟಲೆ ಒಳಗೆ. ಆ ಕಲಮನ್ನು ತೆಗೆಯಬೇಕೆಂದು ಬರೆದ ಅರ್ಜಿ ಈ ಮೇಜಿನ ಮೇಲಿದೆ. ಬೆಳ್ತಂಗಡಿಯ, ಮೂಡಬಿದ್ರೆಯ ಸಂಗಾತಿಗಳು ತಮ್ಮ ಪ್ರತಿ ಒಯ್ಯಲಿ. ಬೀಡಿ ಕಟ್ಟುವ ತಾಯಂದಿರು ಮೊದಲು ಬನ್ನಿ, ನಿಮಗೆ ಬಸ್ಸು ತಪ್ಪುತ್ತದೆ. ಅಂಗಡಿಯ ಹಿರಿಯರೇ, ಪೆನ್ನು ನನ್ನಲ್ಲಿದೆ.