ಉದ್ಯೋಗಕ್ಕೆ ಮುನ್ನ ಒಡೆಯನ ಪರೀಕ್ಷೆ



ಜಾತ್ರೆಯಲ್ಲಿ ಎತ್ತು ಕೊಳ್ಳುವ ಒಕ್ಕಲಿಗನು ಅದರ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲಿನ ಬಲವನ್ನು ಪರೀಕ್ಷಿಸುತ್ತಾನೆ. ಮಗಳನ್ನು ಕೊಡುವಾಗ ಗಂಡಿನ ಮನೆತನವನ್ನು ಮೂರು ಊರುಗಳಲ್ಲಿ ವಿಚಾರಿಸುತ್ತಾನೆ. ಆದರೆ ಮಗನಿಗೆ ನೌಕರಿಯ ಕಾಗದವು ಬಂದ ದಿನ ಅದೇ ಒಕ್ಕಲಿಗನು ಏನನ್ನೂ ವಿಚಾರಿಸದೆ ನೆರೆಹೊರೆಗೆ ಸಕ್ಕರೆ ಹಂಚುತ್ತಾನೆ. ಅನ್ನ ಕೊಡುವವನನ್ನು ಶಂಕಿಸುವುದು ಕೃತಘ್ನತೆಯೆಂಬ ಭಾವನೆಯೇ ಇದಕ್ಕೆ ಕಾರಣವು. ಈ ಭಾವನೆಯು ಸಾಧುವೇ ಎಂಬುದು ಇಂದಿನ ವಿಚಾರ.

ಆಯ್ದಕ್ಕಿ ಲಕ್ಕಮ್ಮನವರ ಕಥೆಯು ಇಲ್ಲಿ ನೆರೆದವರೆಲ್ಲರಿಗೂ ತಿಳಿದದ್ದೇ. ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಆ ತಾಯಿ ಹಿಗ್ಗಲಿಲ್ಲ, ಇಷ್ಟೇಕೆಂದು ಕೇಳಿದರು, ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದರು. ಈ ಕಥೆಯನ್ನು ನಿರಾಶೆಯ ನಿದರ್ಶನವಾಗಿ ಮಾತ್ರ ಹೇಳುವುದು ರೂಢಿ. ಆದರೆ ಅದರಲ್ಲಿ ಮತ್ತೊಂದು ಪಾಠವುಂಟು. ಬರುವ ಪ್ರತಿಫಲವು ಎಲ್ಲಿಂದ, ಏತಕ್ಕಾಗಿ ಬರುತ್ತಿದೆಯೆಂದು ಕೇಳುವುದು ಕೃತಘ್ನತೆಯಲ್ಲ. ಅದು ಕಾಯಕಶುದ್ಧಿಯ ಮೊದಲ ಮೆಟ್ಟಿಲು.

ನೀತಿಶಾಸ್ತ್ರದ ಅಭಿಪ್ರಾಯವೂ ಇದೇ ಆಗಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ತಾಳೆಯೋಲೆಯಿಂದ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಐದನೆಯ ಅಧಿಕರಣದಲ್ಲಿ, ಸೇವಕನು ಎಂಥ ಅರಸನನ್ನು ಆಶ್ರಯಿಸಬೇಕೆಂಬ ವಿಚಾರವಿದೆ. ಸಂಪತ್ತು ಕಡಿಮೆಯಾಗಿದ್ದರೂ ಸದ್ಗುಣಿಯಾದ ಅರಸನನ್ನು ಆಶ್ರಯಿಸಬಹುದು. ಗುಣಹೀನನನ್ನು ಮಾತ್ರ ಎಂದಿಗೂ ಆಶ್ರಯಿಸಕೂಡದು, ಯಾತಕ್ಕೆಂದರೆ ಅಂಥವನ ಐಶ್ವರ್ಯವು ನಿಲ್ಲತಕ್ಕದ್ದಲ್ಲ ಎಂಬುದು ಅದರ ತಾತ್ಪರ್ಯ. ಅರಸನು ಸೇವಕನನ್ನು ಪರೀಕ್ಷಿಸುವಂತೆ ಸೇವಕನೂ ಅರಸನನ್ನು ಪರೀಕ್ಷಿಸತಕ್ಕವನೇ ಎಂದಾಯಿತು.

ಹಾಗಾದರೆ ದುಷ್ಟನಾದ ಒಡೆಯನ ಲಕ್ಷಣಗಳಾವುವು?

ಮೊದಲನೆಯದು, ಕೊಡತಕ್ಕವನು ಬೇಡುವುದು. ತರಬೇತಿಯ ಶುಲ್ಕ, ಠೇವಣಿ, ಸಮವಸ್ತ್ರದ ಬೆಲೆ ಎಂಬ ಯಾವ ಹೆಸರಿನಿಂದಲಾದರೂ ಸರಿಯೆ, ಕೆಲಸಕ್ಕೆ ಮುನ್ನ ಹಣ ಕೇಳುವವನು ಸಂಬಳ ಕೊಡುವ ಉದ್ದೇಶವುಳ್ಳವನೆಂದು ನಂಬುವುದು ಕಷ್ಟ. ಪರೀಕ್ಷೆಗಳ ಮೂಲ ಪ್ರಮಾಣಪತ್ರಗಳನ್ನು ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವೆನೆನ್ನುವವನೂ ಇದೇ ವರ್ಗದವನು. ಮೂಲವನ್ನು ತೋರಿಸಬಹುದು, ನಕಲನ್ನು ಕೊಡಬಹುದು, ಮೂಲವನ್ನು ಒಪ್ಪಿಸುವುದು ಮೂಗುದಾರವನ್ನು ಒಪ್ಪಿಸಿದಂತೆ.

ಎರಡನೆಯದು, ಬಾಯಲ್ಲಿ ಹೇಳಿದ್ದನ್ನು ಬರೆದು ಕೊಡದಿರುವುದು. ಕೆಲಸವೇನು, ಹೊತ್ತೆಷ್ಟು, ರಜೆ ಎಷ್ಟು, ಸಂಬಳವು ಯಾವ ದಿನಾಂಕಕ್ಕೆ, ಬಿಡಬೇಕಾದರೆ ಎಷ್ಟು ದಿನಗಳ ಸೂಚನೆ, ನಡುವೆ ಬಿಟ್ಟರೆ ದಂಡವುಂಟೋ ಇಲ್ಲವೋ ಎಂಬಿವು ಕಾಗದದ ಮೇಲಿರತಕ್ಕವು. ಹತ್ತು ಮತ್ತು ಅದಕ್ಕೂ ಹೆಚ್ಚು ಕೆಲಸಗಾರರುಳ್ಳ ಸಂಸ್ಥೆಗಳಲ್ಲಿ ನೇಮಕಪತ್ರವನ್ನು ಕೊಡುವುದು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಂತೆ, ಒಡೆಯನ ಕರ್ತವ್ಯವಾಗಿದೆ. ವರ್ಷಕ್ಕೆ ಇಷ್ಟು ಲಕ್ಷವೆಂಬ ದೊಡ್ಡ ಅಂಕಿಯನ್ನು ಕಂಡು ಮರುಳಾಗಕೂಡದು. ಭವಿಷ್ಯನಿಧಿಗೆ ಮೂಲವೇತನದಲ್ಲಿ ನೂರಕ್ಕೆ 12ರಂತೆ ಕಟ್ಟುವ ನೌಕರನ ಪಾಲು, ಒಡೆಯನು ಕಟ್ಟುವ ಪಾಲು, ಕೊಟ್ಟರೂ ಕೊಡದಿದ್ದರೂ ನಡೆಯುವ ಬಹುಮಾನದ ಹಣ ಇವೆಲ್ಲವೂ ಆ ಅಂಕಿಯೊಳಗೆ ಅಡಗಿರಬಹುದು. ತಿಂಗಳಿಗೆ ಕೈಗೆ ಬರುವುದೆಷ್ಟೆಂದು ಕೇಳತಕ್ಕದ್ದು.

ಮೂರನೆಯದು, ಅವಸರಪಡಿಸುವುದು. "ಇಂದು ಸಂಜೆಯೊಳಗೆ ಒಪ್ಪದಿದ್ದರೆ ಸ್ಥಾನವು ಬೇರೆಯವರಿಗೆ" ಎನ್ನುವವನು ವಿಚಾರಕ್ಕೆ ಅಂಜುವವನು. ಪ್ರಾಮಾಣಿಕನಿಗೆ ಎರಡು ದಿನಗಳ ಅವಕಾಶದಿಂದ ನಷ್ಟವಿಲ್ಲ.

ನಾಲ್ಕನೆಯದು, ಬಿಟ್ಟುಹೋದವರನ್ನು ನಿಂದಿಸುವುದು. ಈ ಸ್ಥಾನವು ಏಕೆ ತೆರವಾಯಿತು, ಮುಂಚೆ ಇದ್ದವರು ಎಷ್ಟು ಕಾಲ ಇದ್ದರು ಎಂದು ವಿನಯದಿಂದ ಕೇಳಬೇಕು. ಹಿಂದಿನವರೆಲ್ಲರೂ ಅಯೋಗ್ಯರೆಂದು ಹೇಳುವ ಒಡೆಯನ ನಾಲಗೆಯಲ್ಲಿ ನಾಳೆ ಕೇಳುವವನ ಹೆಸರೂ ಅದೇ ಪಟ್ಟಿಗೆ ಸೇರುವುದು. ಕೆಲಸದ ಹೊತ್ತೆಷ್ಟೆಂದು ಕೇಳಿದರೆ "ಇಲ್ಲಿ ನಾವೆಲ್ಲರೂ ಒಂದೇ ಮನೆಯವರು" ಎಂಬ ಉತ್ತರ ಬಂದಲ್ಲಿ, ಆ ಮನೆಯಲ್ಲಿ ದೀಪ ಆರುವುದು ಎಷ್ಟು ಹೊತ್ತಿಗೆಂದು ಬೀದಿಯಲ್ಲಿ ನಿಂತು ನೋಡುವುದು ಲೇಸು. ಸಂದರ್ಶನದ ದಿನ ಅವನು ಚಹಾ ತಂದ ಹುಡುಗನೊಡನೆ ಆಡುವ ಮಾತನ್ನೂ ಗಮನಿಸತಕ್ಕದ್ದು.

ಒಂದು ಮಠದ ಪ್ರಸಾದನಿಲಯದಲ್ಲಿ ಓದಿ ಪದವೀಧರನಾದ ತರುಣನಿಗೆ ನಗರದಿಂದ ಕರೆ ಬಂದಿತು. ಸಂಬಳವು ಅವನ ಸಹಪಾಠಿಗಳ ಸಂಬಳದ ಎರಡರಷ್ಟು. ಆದರೆ ಮೊದಲು ಐವತ್ತು ಸಾವಿರ ರೂಪಾಯಿ ಕಟ್ಟಬೇಕೆಂಬ ಕಟ್ಟಳೆ. ತಂದೆಯು ಹೆಂಡತಿಯ ಬಳೆಗಳನ್ನು ಅಡವಿಡಲು ಹೊರಟನು. ಅಕ್ಷರವರಿಯದ ತಾಯಿಯು ಬಳೆ ಕಳಚುತ್ತ ಒಂದು ಮಾತು ಕೇಳಿದಳು: "ಅಪ್ಪಾ, ಇದರಲ್ಲಿ ಆಳು ಯಾರು, ಧಣಿ ಯಾರು? ಸಂಬಳ ಕೊಡೋರು ಅವರೋ, ನಾವೋ?" ಮಗನು ತಲೆತಗ್ಗಿಸಿದನು. ಮರುದಿನ ಅವನು, ಹಣವನ್ನು ಸಂಬಳದಲ್ಲಿ ಹಿಡಿದುಕೊಳ್ಳಿರೆಂದೂ ಕರಾರನ್ನು ಬರೆದು ಕಳುಹಿಸಿರೆಂದೂ ಕೇಳಿದನು. ಅಲ್ಲಿಯವರೆಗೆ ಜೇನಿನಂತಿದ್ದ ಧ್ವನಿಯು ಬೈಗುಳವಾಯಿತು. ಆ ಮೇಲೆ ಮೌನವಾಯಿತು. ಬಳೆಗಳು ತಾಯಿಯ ಕೈಯಲ್ಲೇ ಉಳಿದವು.

ಎಲ್ಲರ ಮನೆಯ ಬಳೆಗಳೂ ಹೀಗೆ ಉಳಿಯಲಿಲ್ಲ. ಕಾವಲುಗಾರರ ಕೆಲಸವೆಂದು ನಂಬಿ 2023ರ ಕೊನೆಯಲ್ಲಿ ರಷ್ಯಾ ದೇಶಕ್ಕೆ ಹೋದ ಕಲಬುರಗಿ ಸೀಮೆಯ ಕೆಲವು ತರುಣರು ಯುದ್ಧಭೂಮಿಗೆ ತಳ್ಳಲ್ಪಟ್ಟು, 2024ರ ಸೆಪ್ಟೆಂಬರಿನಲ್ಲಿ ಊರು ಕಂಡರು. ಗಣಕಯಂತ್ರದ ಕೆಲಸವೆಂಬ ಆಸೆಗೆ ಸಿಕ್ಕಿ ಮಯನ್ಮಾರಿನ ವಂಚನೆಯ ಕೇಂದ್ರಗಳಲ್ಲಿ ಸೆರೆಯಾದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚಿನಲ್ಲಿ ಸರ್ಕಾರವು ವಿಮಾನಗಳಲ್ಲಿ ಕರೆತರಬೇಕಾಯಿತು. ಪರದೇಶಕ್ಕೆ ನೌಕರರನ್ನು ಕಳುಹಿಸುವ ದಲ್ಲಾಳಿಯು 1983ರ ವಲಸೆ ಕಾಯಿದೆಯಂತೆ ನೋಂದಣಿ ಪಡೆದಿರಬೇಕು. ಅವನು ತೆಗೆದುಕೊಳ್ಳಬಹುದಾದ ಶುಲ್ಕಕ್ಕೆ ತೆರಿಗೆಯ ಹೊರತು 30,000 ರೂಪಾಯಿಗಳ ಮಿತಿಯನ್ನು ನಿಯಮಗಳು ವಿಧಿಸಿವೆ. ನೋಂದಾಯಿತರ ಪಟ್ಟಿಯು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಸಿಕ್ಕುತ್ತದೆ. ಪ್ರವಾಸಿಯ ವೀಸಾದಲ್ಲಿ ಹೋಗು, ಕೆಲಸದ ಕಾಗದ ಆ ಮೇಲೆ ಎನ್ನುವವನ ಮಾತಿಗೆ ಕಿವಿಗೊಡಲೇಕೂಡದು.

ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಶಿಸ್ತುಗಾರನೆಲ್ಲ ದುಷ್ಟನಲ್ಲ. ಮಾತು ಒರಟಾಗಿದ್ದು ಲೆಕ್ಕವು ಚೊಕ್ಕವಾಗಿರುವ ಯಜಮಾನನು, ಮಾತು ಮೃದುವಾಗಿದ್ದು ಲೆಕ್ಕವು ಮಸುಕಾಗಿರುವವನಿಗಿಂತ ಎಷ್ಟೋ ಮೇಲು.

ಮನೆಯಲ್ಲಿ ಒಲೆ ಉರಿಯದಿರುವಾಗ ಇಷ್ಟೆಲ್ಲ ಪರೀಕ್ಷೆ ಯಾರಿಗೆ ಸಾಧ್ಯವೆಂದು ಕೆಲವರು ಕೇಳಬಹುದು. ಆ ಪ್ರಶ್ನೆಯು ನ್ಯಾಯವಾದದ್ದೇ. ಬಡತನದಿಂದ ಒಪ್ಪಲೇಬೇಕಾದವನು ಒಪ್ಪಲಿ. ಆದರೆ ಕಣ್ಣು ತೆರೆದು ಒಪ್ಪಲಿ. ಮೂಲಪತ್ರಗಳನ್ನು ಮನೆಯಲ್ಲಿಡಲಿ, ದುಡಿದ ದಿನಗಳನ್ನೂ ಬಂದ ಹಣವನ್ನೂ ಬರೆದಿಡಲಿ, ಸಾಲದ ಮುಂಗಡಕ್ಕೆ ಮೈಯನ್ನು ಒತ್ತೆಯಿಡದಿರಲಿ. ಮುಂಗಡ ಸಾಲಕ್ಕಾಗಿ ದುಡಿಸಿಕೊಳ್ಳುವ ಜೀತಪದ್ಧತಿಯು 1976ರ ಕಾಯಿದೆಯಿಂದ ರದ್ದಾಗಿದೆಯೆಂಬುದನ್ನು ತಿಳಿದಿರಲಿ. ಒಬ್ಬಂಟಿಗನಿಗೆ ವಿಚಾರಿಸುವ ಶಕ್ತಿಯಿಲ್ಲದಿದ್ದರೆ ಆ ಭಾರವು ಬಂಧುಗಳದು, ಊರಿನವರದು, ವಿದ್ಯಾರ್ಥಿಯನ್ನು ಓದಿಸಿದ ಸಂಸ್ಥೆಯದು. ಒಂದೇ ನಿಲಯದಲ್ಲಿ ಉಂಡು ಓದಿದ ಹಿರಿಯರು ಈಗ ಹತ್ತು ಊರುಗಳಲ್ಲಿದ್ದಾರೆ. ಹೊಸದಾಗಿ ಹೊರಡುವ ಕಿರಿಯನಿಗಾಗಿ ಅವರಲ್ಲೊಬ್ಬರು ಆ ಕಚೇರಿಯ ಬಾಗಿಲವರೆಗೆ ನಡೆದು, ಅಲ್ಲಿ ದುಡಿದು ಬಿಟ್ಟ ಇಬ್ಬರನ್ನು ಕಂಡು ಕೇಳಿ ಬಂದರೆ, ಅದಕ್ಕಿಂತ ದೊಡ್ಡ ದಾಸೋಹವು ಯಾವುದು?

ಕಾಯಕವು ಶುದ್ಧವಾಗಬೇಕಾದರೆ ಅದು ನಡೆಯುವ ಅಂಗಳವೂ ಶುದ್ಧವಾಗಿರಬೇಕು. ಅಂಗಳವನ್ನು ನೋಡಿ ಒಳಗೆ ಹೆಜ್ಜೆಯಿಡುವ ವಿವೇಕವು ಎಲ್ಲ ತರುಣರಿಗೂ ಉಂಟಾಗಲಿ.