ತೂಗಿದರೆ ಕಥೆ ಹೇಳುವ ಬೆಳ್ಳಿ

ವಸ್ತುಸಂಗ್ರಹಾಲಯಕ್ಕೆ ಹೋದರೆ ಎಲ್ಲರ ಕಣ್ಣೂ ಮೊದಲು ಹೊಳೆಯುವ ಚಿನ್ನದ ನಾಣ್ಯಗಳತ್ತಲೇ ಹೋಗುತ್ತದೆ. ಪಕ್ಕದಲ್ಲಿ ಮಂಕಾಗಿ, ಸೊಟ್ಟಗೆ, ತುದಿ ಕತ್ತರಿಸಿಕೊಂಡು ಕುಳಿತ ಬೆಳ್ಳಿಯ ಚೂರುಗಳನ್ನು ಕೇಳುವವರೇ ಇಲ್ಲ. ಮಕ್ಕಳೇ, ಮುಂದಿನ ಸಲ ನೀವು ಅವುಗಳ ಮುಂದೆಯೇ ಹೆಚ್ಚು ಹೊತ್ತು ನಿಲ್ಲಿ. ನಮ್ಮ ದೇಶದ ಅತಿ ಹಳೆಯ ನಾಣ್ಯಗಳ ಸಾಲಿಗೆ ಸೇರಿದವು ಅವು. ಹೆಸರು ಕಾರ್ಷಾಪಣ. ಮೌರ್ಯರ ಕಾಲದಲ್ಲಿ, ಅವರಿಗಿಂತ ಮೊದಲೂ, ಇವುಗಳನ್ನು ಕೊಟ್ಟೇ ಜನ ವ್ಯಾಪಾರ ಮಾಡುತ್ತಿದ್ದರು.

ಅದರ ಮೇಲೆ ರಾಜನ ಮುಖವಿಲ್ಲ, ಒಂದು ಅಕ್ಷರವೂ ಇಲ್ಲ. ಬೆಳ್ಳಿಯ ತಗಡನ್ನು ತುಂಡು ಮಾಡಿ, ತೂಗಿ, ಹೆಚ್ಚಾದರೆ ಮೂಲೆಯನ್ನು ಕತ್ತರಿಸಿ ತೂಕ ಸರಿಮಾಡುತ್ತಿದ್ದರು. ಆಮೇಲೆ ಮುದ್ರೆಗಳನ್ನು ಒಂದೊಂದಾಗಿ ಒತ್ತುತ್ತಿದ್ದರು. ಸಾಮಾನ್ಯವಾಗಿ ಐದು ಮುದ್ರೆ: ಸೂರ್ಯ, ಆರು ಕೈಗಳ ಚಕ್ರ, ಆನೆ, ಮರ, ಬೆಟ್ಟದ ಮೇಲೆ ಚಂದ್ರ, ಹೀಗೆ. ಬೇರೆ ಬೇರೆಯಾಗಿ ಒತ್ತಿದ್ದರಿಂದ ಒಂದರ ಮೇಲೊಂದು ಹತ್ತಿಕೊಂಡಿರುತ್ತವೆ. ಕೆಲವು ಅಂಚಿನಲ್ಲಿ ಅರ್ಧಕ್ಕೇ ನಿಂತಿರುತ್ತವೆ. ಗುರುತು ಹಿಡಿಯಲು ನೀವು ಮೊದಲು ನೋಡಬೇಕಾದದ್ದು ಇದನ್ನೇ. ಅಚ್ಚಿಗೆ ಲೋಹ ಹೊಯ್ದು ಮಾಡಿದ ನಕಲಿಯಲ್ಲಿ ಗೆರೆಗಳು ಮೊಂಡಾಗಿರುತ್ತವೆ. ಭೂತಗನ್ನಡಿ ಹಿಡಿದರೆ ಎಷ್ಟೋ ಸಲ ಗಾಳಿಗುಳ್ಳೆಯ ಸಣ್ಣ ತೂತುಗಳೂ ಕಾಣುತ್ತವೆ. ಅಯಸ್ಕಾಂತಕ್ಕೆ ಅಂಟಿಕೊಂಡರಂತೂ ಅದು ಬೆಳ್ಳಿಯೇ ಅಲ್ಲ.

ಈಗ ತೂಕಕ್ಕೆ ಬರೋಣ. ಒಂದು ಕಾರ್ಷಾಪಣಕ್ಕೆ 32 ಗುಲಗಂಜಿ ತೂಕ, ಅಂದರೆ ಸುಮಾರು 3.4 ಗ್ರಾಂ. (ಗುಲಗಂಜಿ ನೋಡಲು ಚೆಂದ, ಆದರೆ ಕಡುವಿಷ. ಬಾಯಿಗೆ ಹಾಕಲೇಬೇಡಿ.) ಆದರೆ ಎಲ್ಲ ನಾಣ್ಯಗಳೂ ಅಷ್ಟೇ ತೂಗುವುದಿಲ್ಲ. ಯಾಕೆ?

ಈ ಪ್ರಶ್ನೆಯನ್ನು ಬಿಡದೆ ಹಿಡಿದವರು ಗಣಿತಜ್ಞ ಡಿ. ಡಿ. ಕೋಸಂಬಿ. ಈಗ ಪಾಕಿಸ್ತಾನದಲ್ಲಿರುವ ತಕ್ಷಶಿಲೆಯಲ್ಲಿ 1924ರಲ್ಲಿ ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ಒಂದು ನಿಧಿ ಸಿಕ್ಕಿತ್ತು. ಅದರಲ್ಲಿ ಅಲೆಕ್ಸಾಂಡರನ ನಾಣ್ಯಗಳೂ ಇದ್ದವು. ಕಾರ್ಷಾಪಣಗಳ ಹಿಂಬದಿಯಲ್ಲಿ ಚಿಕ್ಕ ಚಿಕ್ಕ ಗುರುತುಗಳಿರುತ್ತವೆ. ಕೆಲವದರಲ್ಲಿ ಒಂದು, ಕೆಲವದರಲ್ಲಿ ಹತ್ತಾರು. ಕೋಸಂಬಿ ಆ ಗುರುತುಗಳ ಲೆಕ್ಕವನ್ನೂ ನಾಣ್ಯಗಳ ತೂಕವನ್ನೂ ಜೋಡಿಸಿ ನೋಡಿದರು. ಹಿಂಬದಿಯ ಗುರುತು ಹೆಚ್ಚಿದಷ್ಟೂ ಸರಾಸರಿ ತೂಕ ಕಡಿಮೆಯಾಗುತ್ತಿತ್ತು!

ಕಾರಣ ಸರಳ. ನಾಣ್ಯ ಕೈಯಿಂದ ಕೈಗೆ, ಚೀಲದಿಂದ ಚೀಲಕ್ಕೆ ಹೋದಂತೆಲ್ಲ ಉಜ್ಜಿ ಉಜ್ಜಿ ಬೆಳ್ಳಿ ಸವೆಯುತ್ತದೆ. ನಡುನಡುವೆ ಯಾರೋ ಪರೀಕ್ಷಿಸಿ, ಸರಿಯಿದೆ ಎಂದು ಹಿಂದೆ ಒಂದು ಗುರುತು ಒತ್ತುತ್ತಾರೆ. ಹೆಚ್ಚು ಕಾಲ ಓಡಾಡಿದ್ದಕ್ಕೆ ಹೆಚ್ಚು ಗುರುತು, ಕಡಿಮೆ ತೂಕ. ಒಂದೇ ನಾಣ್ಯವನ್ನು ತೂಗಿದರೆ ಇದು ಗೊತ್ತಾಗದು, ಏಕೆಂದರೆ ಕೈಯಲ್ಲಿ ಕತ್ತರಿಸಿದಾಗ ಒಂದಿಷ್ಟು ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ನೂರಾರು ನಾಣ್ಯ ತೂಗಿ ಸರಾಸರಿ ತೆಗೆದಾಗ ಮಾತ್ರ ಸವೆತ ಕಣ್ಣಿಗೆ ಬೀಳುತ್ತದೆ. ಇತಿಹಾಸದ ಬೀಗವನ್ನು ಗಣಿತದ ಕೀಲಿಯಿಂದ ತೆರೆದ ಈ ಕೆಲಸ ನನಗೆ ಬಹಳ ಇಷ್ಟ.

ಹಳೆಯ ಬೆಳ್ಳಿ ಕಪ್ಪಾಗಿರುವುದನ್ನು ನೋಡಿ ಕೈ ತುರಿಸುತ್ತದೆ, ಅಲ್ಲವೇ? ಆ ಕಪ್ಪು, ಗಾಳಿ ಮಣ್ಣುಗಳಲ್ಲಿರುವ ಗಂಧಕದೊಡನೆ ಬೆಳ್ಳಿ ಸೇರಿ ಆದ ಸಿಲ್ವರ್ ಸಲ್ಫೈಡ್. ಹಸಿರು ಕಂಡರೆ ಅದು ಬೆಳ್ಳಿಗೆ ಬೆರೆಸಿದ ತಾಮ್ರದ ಕಿಲುಬು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಹೊಳಪೇನೋ ಬರುತ್ತದೆ. ಜೊತೆಗೆ ಬೆಳ್ಳಿಯೂ ಹೋಗುತ್ತದೆ, ಗುರುತೂ ಹೋಗುತ್ತದೆ. ಅಷ್ಟು ವರ್ಷ ಉಳಿದುಬಂದ ತೂಕದ ಸಾಕ್ಷಿಯನ್ನು ನಾವೇ ಅಳಿಸಿಹಾಕಿದಂತಾಗುತ್ತದೆ.

ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಮುದ್ರೆ ಒತ್ತಿದ ಇಂಥ ನಾಣ್ಯಗಳ ಜೊತೆ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಹೊಲದಲ್ಲೋ ಮನೆಯ ಪಾಯದಲ್ಲೋ ಹೀಗೆ ನಿಮಗೂ ಸಿಗಬಹುದು. ಸಿಕ್ಕರೆ ತೊಳೆಯಬೇಡಿ, ಹಂಚಿಕೊಳ್ಳಬೇಡಿ, ಮಾರಬೇಡಿ. ಸಿಕ್ಕಿದ ಜಾಗವನ್ನು ಗುರುತು ಮಾಡಿ, ಮನೆಯ ಹಿರಿಯರಿಗೆ ತಿಳಿಸಿ, ಅವರ ಮೂಲಕ ಜಿಲ್ಲಾಧಿಕಾರಿಗಳ ಕಚೇರಿಗೆ ಸುದ್ದಿ ಮುಟ್ಟಿಸಿ. ನಿಧಿ ಸಿಕ್ಕರೆ ಹಾಗೆ ತಿಳಿಸಬೇಕೆಂದು ಕಾನೂನೇ ಇದೆ.