ಕಪ್ ನಮ್ದೇ, ತಂಡ ಯಾರ್ದು?



ನವೆಂಬರ್ 5, 2025. ಬುಧವಾರ. ಮುಂಬೈ ಷೇರುಪೇಟೆಗೆ ಒಂದು ಪತ್ರ ಹೋಯ್ತು. ಕಳಿಸಿದ್ದು ಯುನೈಟೆಡ್ ಸ್ಪಿರಿಟ್ಸ್ ಕಂಪನಿ, ಅಂದ್ರೆ ಬ್ರಿಟನ್ನಿನ ಮದ್ಯದ ಕಂಪನಿ ಡಿಯಾಜಿಯೊದ ಭಾರತದ ಶಾಖೆ. ನಮ್ಮ ಕ್ರಿಕೆಟ್ ವ್ಯವಹಾರವನ್ನ ಮರುಪರಿಶೀಲನೆ ಮಾಡ್ತಾ ಇದೀವಿ, 2026ರ ಮಾರ್ಚ್ 31ರೊಳಗೆ ಮುಗಿಸ್ತೀವಿ ಅಂತ ಅದರಲ್ಲಿತ್ತು. ಕಾರ್ಪೊರೇಟ್ ಭಾಷೆ ಬಿಟ್ಟು ನಮ್ಮ ಭಾಷೇಲಿ ಹೇಳೋದಾದ್ರೆ, ಆರ್‌ಸಿಬಿ ಮಾರಾಟಕ್ಕಿತ್ತು.

ಅದೇ ವಾರ ನಮ್ಮ ಕಡೆ, ಅಂದ್ರೆ ಮುಧೋಳ, ಮಹಾಲಿಂಗಪುರ, ಗುರ್ಲಾಪುರದ ಕಡೆ, ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೊಡಿ ಅಂತ ರಸ್ತೆಯಲ್ಲಿ ಕೂತಿದ್ರು. ಮಹಾಲಿಂಗಪುರದಿಂದ ನಮ್ಮಪ್ಪ ಫೋನ್ ಮಾಡಿದ್ರು. ಕಬ್ಬಿನ ಸುದ್ದಿ ಮುಗಿದ ಮೇಲೆ ಕೇಳಿದ್ರು: "ತಮ್ಮಾ, ನಿಮ್ಮ ಕ್ರಿಕೆಟ್ ಟೀಮ್ ಮಾರಾಕತ್ತಾರಂತಲ್ಲೋ. ನಿನ್ನ ಒಂದ್ ಮಾತು ಕೇಳಿದ್ರೇನು?"

ನಾನು ನಕ್ಕೆ. ಅವರು ನಗಲಿಲ್ಲ. "ನಾವ್ ಕಬ್ಬಿನ ರೇಟ್ ಕೇಳಾಕ ಕಾರ್ಖಾನಿ ಗೇಟಿಗೆ ಹೊಕ್ಕೀವಿ. ಮಾಲಕ ಇಲ್ಲಾಂದ್ರ ಮ್ಯಾನೇಜರ್ ಆದ್ರೂ ಬಂದ್ ಮಾತಾಡ್ತಾನ. ನಿಮ್ ಮಾಲಕ ಯಾವ ಗೇಟಿಗೆ ಬರ್ತಾನ?"

ಇವತ್ತಿನ ಮಾತು ಆ ಪ್ರಶ್ನೆಯ ಬಗ್ಗೆ.

ನನ್ನ ಕಥೆ ಶುರುವಾಗೋದು 2008ರ ಏಪ್ರಿಲ್ 18ಕ್ಕೆ. ನಾನು ಸಿಇಟಿಗೆ ಓದ್ತಾ ಇದ್ದೆ. ಬೆಲ್ಲದ ಪೇಟೆಯ ಒಂದು ಅಂಗಡೀಲಿ ಟಿವಿ ಇತ್ತು, ಅವತ್ತು ಪುಣ್ಯಕ್ಕೆ ಕರೆಂಟೂ ಇತ್ತು. ಐಪಿಎಲ್‌ನ ಮೊಟ್ಟಮೊದಲ ಪಂದ್ಯ, ಚಿನ್ನಸ್ವಾಮಿ ಮೈದಾನ. ನಾಯಕ ನಮ್ಮ ರಾಹುಲ್ ದ್ರಾವಿಡ್. ಕೋಲ್ಕತ್ತದ ಮೆಕಲಮ್ ಒಬ್ಬನೇ 158 ಹೊಡೆದ, ಅದರಲ್ಲಿ 13 ಸಿಕ್ಸರ್. ನಾವು 82ಕ್ಕೆ ಆಲೌಟ್. ಅವತ್ತು ಬೆಂಗಳೂರಿನ ಪರ ಯಾರು ಜಾಸ್ತಿ ರನ್ ಹೊಡೆದ್ರು ಗೊತ್ತಾ? ಪ್ರವೀಣ್ ಕುಮಾರ್, 18. ಎಕ್ಸ್‌ಟ್ರಾ 19. ಅಂದ್ರೆ ನಮ್ಮ ಬ್ಯಾಟ್ಸ್‌ಮನ್‌ಗಳಿಗಿಂತ ಎದುರಾಳಿ ಬೌಲರ್‌ಗಳು ಕೊಟ್ಟ ದಾನವೇ ಜಾಸ್ತಿ!

ಅಂಗಡಿ ಕಾಕಾ ಟಿವಿ ಆರಿಸಿ, "ನಡೀರಿ ಮನಿಗೆ" ಅಂದ್ರು. ನಾನು ಮನೆಗೆ ಹೋದೆ. ಆದ್ರೆ ಅಭಿಮಾನ ಬಿಟ್ಟು ಹೋಗಲಿಲ್ಲ. ಯಾಕೆ ಅಂತ ಇವತ್ತಿಗೂ ಕೇಳಬೇಡಿ. ಬೆಂಗಳೂರನ್ನ ನಾನು ಆಗಿನ್ನೂ ನೋಡೇ ಇರಲಿಲ್ಲ. ಆದ್ರೆ ಅದು ನಮ್ಮ ರಾಜ್ಯದ ಹೆಸರಲ್ಲಿ ಆಡೋ ತಂಡ, ಅಷ್ಟು ಸಾಕಾಗಿತ್ತು.

ಆಮೇಲಿನದು ನಿಮಗೂ ಗೊತ್ತು. 2009ರ ಫೈನಲ್‌ನಲ್ಲಿ ಅನಿಲ್ ಕುಂಬ್ಳೆ 16 ರನ್ ಕೊಟ್ಟು 4 ವಿಕೆಟ್ ತೆಗೆದ್ರೂ 6 ರನ್‌ಗಳಿಂದ ಸೋತ್ವಿ. 2011ರಲ್ಲಿ ಚೆನ್ನೈ ಎದುರು 58 ರನ್. 2016ರಲ್ಲಿ ನಮ್ಮದೇ ಚಿನ್ನಸ್ವಾಮೀಲಿ, ಕೊಹ್ಲಿ ಒಂದೇ ಸೀಸನ್ನಿನಲ್ಲಿ 973 ರನ್ ಹೊಡೆದ ವರ್ಷ, 8 ರನ್‌ಗಳಿಂದ ಸೋತ್ವಿ. ಮುಂದಿನ ವರ್ಷ ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಆಲೌಟ್, ಒಬ್ಬನೇ ಒಬ್ಬ ಎರಡಂಕಿ ದಾಟಲಿಲ್ಲ. ಬಾಗಲಕೋಟೆಯ ಹಾಸ್ಟೆಲ್‌ನಿಂದ ಹಿಡಿದು ಈ ಸ್ಟುಡಿಯೋ ತನಕ, ಪ್ರತಿ ವರ್ಷ "ಈ ಸಲ ಕಪ್ ನಮ್ದೇ" ಅಂದೆ. ಪ್ರತಿ ವರ್ಷ ಬೈಸಿಕೊಂಡೆ.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡ್ತೀನಿ. ಸೋತಿದ್ದಕ್ಕೆ ನನಗೆ ಸಿಟ್ಟಿಲ್ಲ. ಆಟ ಅಂದ್ಮೇಲೆ ಸೋಲು ಇದ್ದದ್ದೇ. ನನ್ನ ಸಿಟ್ಟು ಮೈದಾನದ ಹನ್ನೊಂದು ಜನರ ಮೇಲಲ್ಲ, ಮೇಲೆ ಎಸಿ ಬಾಕ್ಸ್‌ನಲ್ಲಿ ಕೂತವರ ಮೇಲೆ.

ನೋಡಿ, 2008ರಲ್ಲಿ ವಿಜಯ್ ಮಲ್ಯ ಅವರ ಯುಬಿ ಗುಂಪು ಈ ತಂಡವನ್ನ 11 ಕೋಟಿ 16 ಲಕ್ಷ ಡಾಲರ್ ಕೊಟ್ಟು ತಗೊಳ್ತು. ಮುಂಬೈ ಬಿಟ್ರೆ ಅದೇ ಅತಿ ದುಬಾರಿ ತಂಡ. ಹೆಸರಿಟ್ಟಿದ್ದು ಏನು? ತಮ್ಮ ವಿಸ್ಕಿ ಬ್ರ್ಯಾಂಡನ್ನ ನೆನಪಿಸೋ ಹೆಸರು. ಅಂದ್ರೆ ಮೊದಲ ದಿನದಿಂದಲೇ ತಂಡ ಒಂದು ಜಾಹೀರಾತು ಫಲಕ. ಮೊದಲ ಸೀಸನ್ನಿನಲ್ಲಿ 14 ಪಂದ್ಯಗಳಲ್ಲಿ ಗೆದ್ದದ್ದು ನಾಲ್ಕು. ಸೀಸನ್ ಇನ್ನೂ ನಡೀತಿರುವಾಗಲೇ ಸಿಇಒ ಚಾರು ಶರ್ಮಾ ಹೊರಗೆ ಹೋದ್ರು. ಆಟಗಾರರ ಆಯ್ಕೆ ವಿಚಾರದಲ್ಲಿ ಮಾಲೀಕರು ದ್ರಾವಿಡ್ ಕಡೆ ಬಹಿರಂಗವಾಗಿ ಬೆರಳು ತೋರಿಸಿದ್ರು. ದೇಶವೇ 'ಗೋಡೆ' ಅಂತ ಕರೆದ ಮನುಷ್ಯನಿಗೆ ತನ್ನ ಊರಲ್ಲೇ ಸಿಕ್ಕ ಮರ್ಯಾದೆ ಇದು.

2009ರಲ್ಲಿ ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಯಾರು? ಮನೀಶ್ ಪಾಂಡೆ, ನಮ್ಮ ಹುಡುಗ, ನಮ್ಮ ತಂಡದಲ್ಲಿದ್ದಾಗ. 2014ರ ಫೈನಲ್ ಚಿನ್ನಸ್ವಾಮೀಲೇ ನಡೀತು. ಅದೇ ಮನೀಶ್ ಪಾಂಡೆ 94 ಹೊಡೆದು ಕಪ್ ಗೆಲ್ಲಿಸಿಕೊಟ್ಟ. ಯಾರಿಗೆ? ಕೋಲ್ಕತ್ತಕ್ಕೆ! ಕೆ.ಎಲ್. ರಾಹುಲ್ 2016ರಲ್ಲಿ ನಮ್ಮ ಜೊತೆ ಫೈನಲ್ ಆಡಿದ. 2018ಕ್ಕೆ ಬಿಟ್ಟುಕೊಟ್ವಿ. ಪಂಜಾಬ್ 11 ಕೋಟಿ ಕೊಟ್ಟು ತಗೊಳ್ತು, ಆ ವರ್ಷ ಅವನು 659 ರನ್ ಹೊಡೆದ.

ಹೆಸರಿನ ವಿಷಯಕ್ಕೆ ಬನ್ನಿ. 'ಬ್ಯಾಂಗಲೋರ್' ಅಧಿಕೃತವಾಗಿ 'ಬೆಂಗಳೂರು' ಆಗಿದ್ದು 2014ರ ನವೆಂಬರ್ 1ಕ್ಕೆ. ತಂಡದ ಹೆಸರಲ್ಲಿ ಅದು ಬದಲಾಗಿದ್ದು 2024ರ ಮಾರ್ಚ್‌ನಲ್ಲಿ. ಒಂದು ಅಕ್ಷರ ತಿದ್ದೋಕೆ ಒಂಬತ್ತು ವರ್ಷ ದಾಟಿತು. ಖರ್ಚೇನಿತ್ತು ಅದಕ್ಕೆ? ಏನೂ ಇಲ್ಲ. ಮನಸ್ಸಿರಲಿಲ್ಲ ಅಷ್ಟೇ.

2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟರು, ಬ್ಯಾಂಕ್‌ಗಳ ಸಾವಿರಾರು ಕೋಟಿ ಬಾಕಿ ಇಟ್ಟು. ತಂಡ ಆಗಲೇ ಡಿಯಾಜಿಯೊ ಹಿಡಿತದ ಕಂಪನಿಯಲ್ಲಿತ್ತು. ಮಾಲೀಕರು ಬದಲಾದ್ರು. ಅಭಿಮಾನಿ ಬದಲಾಗಲಿಲ್ಲ.

ಈಗ ಮುಖ್ಯ ಪ್ರಶ್ನೆ. 17 ವರ್ಷ ಕಪ್ ಗೆಲ್ಲದ ತಂಡದ ಬೆಲೆ ಬೀಳಬೇಕಿತ್ತಲ್ವಾ? ಬೀಳಲಿಲ್ಲ, ಏರಿತು. 2025ರಲ್ಲಿ ಪತ್ರಿಕೆಗಳಲ್ಲಿ ಓಡಾಡಿದ ಅಂದಾಜು 200 ಕೋಟಿ ಡಾಲರ್. ಕೊಂಡಿದ್ದಕ್ಕಿಂತ ಸುಮಾರು 18 ಪಟ್ಟು!

ನಾನು ಎಂಜಿನಿಯರಿಂಗ್ ಓದಿದವನು. ಕಾಲೇಜಲ್ಲಿ ಓಪನ್ ಲೂಪ್, ಕ್ಲೋಸ್ಡ್ ಲೂಪ್ ಅಂತ ಪಾಠ ಇತ್ತು. ನಮ್ಮ ಹೊಲದ ಬೋರ್‌ವೆಲ್‌ಗೆ ಆಟೋಮ್ಯಾಟಿಕ್ ಸ್ಟಾರ್ಟರ್ ಇರುತ್ತೆ. ರಾತ್ರಿ ಎರಡಕ್ಕೆ ತ್ರೀ ಫೇಸ್ ಕರೆಂಟ್ ಬಂದ್ರೆ ಮೋಟಾರ್ ತಾನೇ ಶುರುವಾಗುತ್ತೆ. ಗದ್ದೆ ತುಂಬಿ ಹರೀತಿದ್ರೂ ಓಡುತ್ತೆ, ಬೋರ್ ಒಣಗಿದ್ರೂ ಓಡುತ್ತೆ. ಯಾಕಂದ್ರೆ ಆ ಕಡೆ ಏನಾಗ್ತಿದೆ ಅನ್ನೋ ಮಾಹಿತಿ ಮೋಟಾರಿಗೆ ವಾಪಸ್ ಬರೋದೇ ಇಲ್ಲ. ಅದು ಓಪನ್ ಲೂಪ್.

ಐಪಿಎಲ್ ಮಾಲೀಕತ್ವ ಕೂಡ ಅದೇ. 2023ರಿಂದ 2027ರ ತನಕದ ಪ್ರಸಾರ ಹಕ್ಕು ಮಾರಾಟವಾಗಿದ್ದು 48,390 ಕೋಟಿ ರೂಪಾಯಿಗೆ. ಅದರಲ್ಲಿ ದೊಡ್ಡ ಪಾಲು ತಂಡಗಳಿಗೆ ಹಂಚಿಕೆಯಾಗುತ್ತೆ. ನೀವು ಕೊನೇ ಸ್ಥಾನಕ್ಕೆ ಬಂದ್ರೂ ಪಾಲು ಬರುತ್ತೆ. ಇಂಗ್ಲೆಂಡ್ ಫುಟ್‌ಬಾಲ್‌ನಲ್ಲಿ ಕೆಳಗಿನ ಮೂರು ತಂಡ ಕೆಳ ದರ್ಜೆಗೆ ಬೀಳ್ತವೆ, ಇಲ್ಲಿ ಆ ಭಯ ಇಲ್ಲ. ಸೋತ ನೋವು ನನ್ನ ಹತ್ರ ಉಳಿಯುತ್ತೆ. ಮಾಲೀಕರ ಲೆಕ್ಕಪತ್ರದ ತನಕ ಅದು ಹೋಗೋದೇ ಇಲ್ಲ.

ಇದು ನಮ್ಮೊಬ್ಬರ ಗೋಳಲ್ಲ. ಅಮೆರಿಕದ ಓಕ್ಲೆಂಡ್ ಊರಲ್ಲಿ 1968ರಿಂದ ಒಂದು ಬೇಸ್‌ಬಾಲ್ ತಂಡ ಇತ್ತು, ಹೆಸರು ಅಥ್ಲೆಟಿಕ್ಸ್. ಮಾಲೀಕ ಜಾನ್ ಫಿಶರ್ ಒಳ್ಳೊಳ್ಳೆ ಆಟಗಾರರನ್ನೆಲ್ಲ ಬಿಟ್ಟುಕೊಟ್ಟು, ತಂಡವನ್ನ ಲಾಸ್ ವೇಗಸ್‌ಗೆ ಒಯ್ಯೋಕೆ ಹೊರಟ. 2023ರಲ್ಲಿ ತಂಡ 112 ಪಂದ್ಯ ಸೋತಿತು. ಜನ ಬರ್ತಿಲ್ಲ, ಅದಕ್ಕೇ ಊರು ಬಿಡ್ತೀವಿ ಅನ್ನೋ ಮಾತು ಶುರುವಾಯ್ತು. ಅಭಿಮಾನಿಗಳು ಏನು ಮಾಡಿದ್ರು ಗೊತ್ತಾ? ಬಹಿಷ್ಕಾರ ಹಾಕಲಿಲ್ಲ, ಉಲ್ಟಾ ಬಹಿಷ್ಕಾರ ಮಾಡಿದ್ರು. ಜೂನ್ 13ರಂದು 27 ಸಾವಿರಕ್ಕೂ ಹೆಚ್ಚು ಜನ ಟಿಕೆಟ್ ತಗೊಂಡು ಬಂದು, 'ಮಾರು' ಅಂತ ಬರೆದ ಹಸಿರು ಅಂಗಿ ಹಾಕ್ಕೊಂಡು, ತಂಡ ಮಾರಿ ಹೋಗು ಅಂತ ಮಾಲೀಕನಿಗೆ ಕೂಗಿ ಹೇಳಿದ್ರು. ಆತ ಮಾರಲಿಲ್ಲ. 2024ರ ಸೆಪ್ಟೆಂಬರ್ 26ಕ್ಕೆ ಆ ಊರಲ್ಲಿ ಕೊನೇ ಪಂದ್ಯ ಆಯ್ತು. ತಂಡ ಹೋಯ್ತು, ಅಭಿಮಾನಿಗಳು ಅಲ್ಲೇ ಉಳಿದ್ರು.

ನಾವು ಆ ಮಟ್ಟಿಗೆ ಅದೃಷ್ಟವಂತರು ಅಂದ್ಕೊಂಡಿದ್ದೆ. 2024ರ ಮಾರ್ಚ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ದೆಹಲೀಲಿ ಕಪ್ ಎತ್ತಿದ್ರು. 2025ರ ಜೂನ್ 3, ಅಹಮದಾಬಾದ್, ಪಂಜಾಬ್ ಎದುರು 6 ರನ್ ಗೆಲುವು. 2009ರಲ್ಲಿ ಸೋತಿದ್ದೂ ಆರೇ ರನ್ನಿಂದ. ನಾನು ಇದೇ ಕುರ್ಚೀಲಿ ಕೂತು ಅತ್ತೆ. ನೀವು ನೋಡಿದೀರಿ, ಮುಚ್ಚಿಡೋದೇನಿದೆ.

ಮಾರನೇ ದಿನ ಜೂನ್ 4.

ಸುಮಾರು 35 ಸಾವಿರ ಜನ ಹಿಡಿಸೋ ಮೈದಾನ. ಹೊರಗೆ ಲಕ್ಷಗಟ್ಟಲೆ ಜನ. ಮೆರವಣಿಗೆ ಇದೆ ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು. ಪ್ರವೇಶ ಉಚಿತ ಅಂತ ಒಂದು ಮಾತು, ಪಾಸ್ ಬೇಕು ಅಂತ ಇನ್ನೊಂದು. ಗೇಟ್‌ಗಳ ಹತ್ರ ಹನ್ನೊಂದು ಜನ ಸತ್ತರು. ಬಹುತೇಕರು ಚಿಕ್ಕ ವಯಸ್ಸಿನವರು, ಕೆಂಪು ಜೆರ್ಸಿ ಹಾಕ್ಕೊಂಡು ಖುಷಿಯಿಂದ ಬಂದವರು.

ಯಾರ ತಪ್ಪು ಅನ್ನೋದನ್ನ ನ್ಯಾಯಾಲಯ ನೋಡುತ್ತೆ. ಅಷ್ಟು ಜನ ಸೇರೋಕೆ ಮೇಲ್ನೋಟಕ್ಕೆ ತಂಡವೇ ಕಾರಣ ಅಂತ 2025ರ ಜುಲೈನಲ್ಲಿ ಕೇಂದ್ರ ಆಡಳಿತ ನ್ಯಾಯಮಂಡಳಿ ಹೇಳಿತ್ತು. ಅದು ಅಂತಿಮ ತೀರ್ಪಲ್ಲ. ಸರ್ಕಾರಕ್ಕೂ, ಪೊಲೀಸರಿಗೂ, ಕ್ರಿಕೆಟ್ ಸಂಸ್ಥೆಗೂ ಕೇಳಬೇಕಾದ ಪ್ರಶ್ನೆಗಳಿವೆ. ತಂಡದವರು ಸತ್ತವರ ಕುಟುಂಬಗಳಿಗೆ ತಲಾ 25 ಲಕ್ಷ ಘೋಷಿಸಿದ್ರು, ಅದನ್ನೂ ಹೇಳಬೇಕು.

ಮತ್ತೆ ನಾವು? ಬೆಳಗ್ಗೆಯಿಂದ "ಸಂಭ್ರಮ, ಸಂಭ್ರಮ" ಅಂತ ಕೂಗಿದ್ದು ಯಾರು? ಎಷ್ಟು ಗಂಟೆಗೆ, ಎಲ್ಲಿಗೆ ಅಂತ ಪರದೆ ಕೆಳಗೆ ಅಕ್ಷರ ಓಡಿಸಿದ್ದು ಯಾರು? ನಾವೇ. ನಾನೇ. ಸಂಜೆ ಅದೇ ಪರದೇಲಿ ಸಾವಿನ ಸಂಖ್ಯೆ ಓದಿದ್ದೂ ನಾನೇ. ಇದನ್ನ ಹೇಳದೆ ಮಾಲೀಕರ ಕಡೆ ಬೆರಳು ತೋರಿಸೋ ಯೋಗ್ಯತೆ ನನಗಿಲ್ಲ.

ಆದ್ರೂ ಒಂದು ಪ್ರಶ್ನೆ ನನ್ನನ್ನ ಬಿಡ್ತಾ ಇಲ್ಲ. ಜಾಹೀರಾತು ಕೊಡೋರ ಮುಂದೆ ಈ ತಂಡ ಇಷ್ಟು ವರ್ಷ ಮಾರಿದ್ದೇನು? ನಮ್ಮ ಸಂಖ್ಯೆ. ಇಷ್ಟು ಕೋಟಿ ಹಿಂಬಾಲಕರು, ಇಷ್ಟು ಕೋಟಿ ಅಭಿಮಾನಿಗಳು. ಆ ಸಂಖ್ಯೆಗೇ 2025ರಲ್ಲಿ 200 ಕೋಟಿ ಡಾಲರ್ ಅಂದಿದ್ದು. ದುಡ್ಡು ಕೇಳುವಾಗ ಬಾಯಿಪಾಠ ಬರ್ತಿದ್ದ ನಮ್ಮ ಲೆಕ್ಕ, ನಾವು ಗೇಟಿಗೆ ಬಂದ ದಿನ ಯಾಕೆ ನೆನಪಾಗಲಿಲ್ಲ?

ನಮ್ಮೂರ ಮಹಾಲಿಂಗೇಶ್ವರನ ಜಾತ್ರೇಲಿ ತೇರು ಎಳೀತಾರೆ. ಹಗ್ಗ ಯಾರ ಕೈಲಿರಬೇಕು, ಗಾಲಿಗೆ ಮರದ ತುಂಡು ಕೊಡೋರು ಯಾರು, ಮಕ್ಕಳನ್ನ ಎಲ್ಲಿ ನಿಲ್ಲಿಸಬೇಕು, ಎಲ್ಲಾ ಹಿರಿಯರಿಗೆ ಗೊತ್ತು. ಅವರ್ಯಾರೂ ಎಂಬಿಎ ಓದಿಲ್ಲ. ತೇರು ನಮ್ಮದು, ಬಂದ ಜನಾನೂ ನಮ್ಮವರು ಅನ್ನೋ ಭಾವನೆ ಇದೆ. ಹಂಗಾಗಿ ಹೆದರಿಕೆಯೂ ಇದೆ.

ಹಾಗಾದ್ರೆ ಏನು ಮಾಡಬೇಕು? ಅಭಿಮಾನಿಗಳಿಗೆ ತಂಡ ಕೊಟ್ಟುಬಿಡಿ ಅಂತ ನಾನು ಹೇಳ್ತಿಲ್ಲ. ಆದ್ರೆ ಅದೂ ಅಸಾಧ್ಯ ಅಲ್ಲ. ಅಮೆರಿಕದ ಗ್ರೀನ್ ಬೇ ಅನ್ನೋದು ಹೆಚ್ಚುಕಡಿಮೆ ನಮ್ಮ ಬಾಗಲಕೋಟೆಯಷ್ಟೇ ದೊಡ್ಡ ಊರು. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಪ್ಯಾಕರ್ಸ್‌ಗೆ ಒಬ್ಬ ಒಡೆಯ ಇಲ್ಲ. 1923ರಿಂದ ಜನರೇ ಷೇರುದಾರರು, ಈಗ 5 ಲಕ್ಷಕ್ಕೂ ಹೆಚ್ಚು. ಲಾಭದಲ್ಲಿ ಪಾಲಿಲ್ಲ, ಆದ್ರೆ ವಾರ್ಷಿಕ ಸಭೆಗೆ ಹೋಗ್ತಾರೆ, ಮತ ಹಾಕ್ತಾರೆ. ಜರ್ಮನಿಯ ಫುಟ್‌ಬಾಲ್‌ನಲ್ಲಿ ಕೆಲವು ವಿನಾಯಿತಿ ಬಿಟ್ರೆ ಕ್ಲಬ್‌ನ ಮತದಾನದ ಬಹುಪಾಲು ಸದಸ್ಯರ ಕೈಲೇ ಇರಬೇಕು ಅನ್ನೋ ನಿಯಮ ಇದೆ. ನಮಗೇನು ಇದು ಹೊಸದಲ್ಲ. ಸಹಕಾರಿ ಸಕ್ಕರೆ ಕಾರ್ಖಾನೆ, ಹಾಲಿನ ಡೇರಿ ಕಟ್ಟಿದ ಜನ ನಾವು. ಷೇರು ಅಂದ್ರೇನು, ಸಭೇಲಿ ಎದ್ದು ನಿಂತು ಕೇಳೋದು ಅಂದ್ರೇನು ಅಂತ ನಮ್ಮಪ್ಪನಿಗೆ ಗೊತ್ತು.

ಮಾಲೀಕರು ಯಾರೇ ಆಗಿರಲಿ, ಅವರಿಗೆ ನನ್ನ ಬೇಡಿಕೆ ಮೂರೇ. ಒಂದು, ವರ್ಷಕ್ಕೊಮ್ಮೆ ಅಭಿಮಾನಿಗಳ ಸಭೆ ಕರೀರಿ, ಕನ್ನಡದಲ್ಲಿ ಉತ್ತರ ಕೊಡಿ. ಎರಡು, ರಾಯಚೂರು, ಬಾಗಲಕೋಟೆ, ಬೀದರ್‌ನ ಹುಡುಗ ಹುಡುಗೀರನ್ನ ಹುಡುಕೋಕೆ ನಿಮ್ಮವರನ್ನ ಕಳಿಸಿ. ಮೂರು, ಆ ಹನ್ನೊಂದು ಹೆಸರುಗಳನ್ನ ಮರೀಬೇಡಿ. ಮಾರಾಟದ ಪತ್ರದಲ್ಲಿ ಆಟಗಾರರು, ಒಪ್ಪಂದಗಳು, ಬ್ರ್ಯಾಂಡ್ ಎಲ್ಲಾ ಕೈ ಬದಲಾಗುತ್ತೆ. ಆ ಕುಟುಂಬಗಳ ಹೊಣೆಯೂ ಕೈ ಬದಲಾಗಲಿ, ಕೈ ಜಾರದಿರಲಿ.

ಫೋನ್ ಇಡೋ ಮುಂಚೆ ಅಪ್ಪ ಕೇಳಿದ್ರು, "ಬ್ಯಾಸರಾದ್ರ ಬಿಟ್ಬಿಡೋ ತಮ್ಮಾ, ಯಾಕ ನೋಡ್ತಿ?"

ನಾನು ವಾಪಸ್ ಕೇಳಿದೆ, "ರೇಟ್ ಸಿಗಲಿಲ್ಲಾಂತ ನೀವು ಕಬ್ಬು ಹಚ್ಚೋದ್ ಬಿಟ್ಟೀರೇನಪಾ?"

ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಬಿಡಾಂಗಿಲ್ಲ. ಖರೆ ಗೇಟಿಗೆ ಹೋಗೂದೂ ಬಿಡಾಂಗಿಲ್ಲ" ಅಂದ್ರು.

ನಾನೂ ಬಿಡೋದಿಲ್ಲ ವೀಕ್ಷಕರೇ. ಮುಂದಿನ ಸೀಸನ್‌ಗೂ ಕೆಂಪು ಅಂಗಿ ಹಾಕ್ತೀನಿ. ಪ್ರಶ್ನೆನೂ ಕೇಳ್ತೀನಿ.